ಸ್ಪೀಕರ್ ಪೆಟ್ಟಿಗೆಯೊಳಗಿನ ತರಿ

ಅಥವಾ ಆ ಚಾರ್ಜರನ್ನು ಕಿತ್ತದ್ದು ನಾನೇ ಅಲ್ಲವೇನೋ. ಬೆರಳಿಗೆ ಬಿಸಿ ತಾಗಿದ್ದು ನೆನಪಿದೆ. ಆದರೆ ಅದೇ ಚಾರ್ಜರನ್ನು ಆಮೇಲೆ ಎಷ್ಟೋ ಸಲ ಮುಟ್ಟಿದ್ದೇನೆ. ಇದು ಯಾವ ಸಂಜೆಯ ಬಿಸಿ? ಕೋಣೆಯಲ್ಲಿ ಇದ್ದವರು ಅಮ್ಮ, ಪಕ್ಕದ ಮನೆಯಾತ, ನಾನು. ಮೂವರೂ ‘ಕಿತ್ತದ್ದು ನಾನೇ’ ಅನ್ನುತ್ತೇವೆ.

ಅನುಮಾನವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮೂರು ಎಡಪ್ಪಾಡಿಯ ಪವರ್‌ಲೂಮುಗಳ ನಡುವೆ ದುಡಿದು ದುಡಿದು ಅಮ್ಮನ ಕಿವಿ ಮಂದವಾಗಿದೆ. ಎದುರಿಗೆ ನಿಂತು ಜೋರಾಗಿ ಹೇಳಿದರೆ ಕೇಳಿಸುತ್ತದೆ, ಫೋನಿನಲ್ಲಿ ಕೇಳಿಸುವುದಿಲ್ಲ. ಕಿವಿಗೆ ಹಾಕುವ ಮಿಷನ್ ಅವಳಿಗೆ ಒಗ್ಗಲಿಲ್ಲ. ಅವಳ ತಂಗಿ, ನನ್ನ ಚಿಕ್ಕಮ್ಮ, ಪಾಲಮಲೆಯಲ್ಲಿ ರಾಗಿ ಬೆಳೆಯುತ್ತಾಳೆ. ಮಂಡಿ ನೋವಿನಿಂದ ಅವಳು ಬೆಟ್ಟ ಇಳಿಯಲಾರಳು, ಇವಳು ಹತ್ತಲಾರಳು. ಸಂಜೆ ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಚಿಕ್ಕಮ್ಮ ಮಾಡುವ ಕರೆಯೊಂದೇ ಇಬ್ಬರಿಗೂ ಉಳಿದಿರುವುದು.

ಅದಕ್ಕೇ ನಾನು ಅಮ್ಮನ ಬಟನ್ ಫೋನನ್ನು ಹಳೆಯ ಆಂಪ್ಲಿಫೈಯರಿಗೆ, ಅದನ್ನು ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಗೆ ಜೋಡಿಸಿದೆ. ಮಾತು ಜೋರಾಯಿತು ನಿಜ. ಜೊತೆಗೆ ‘ಗುಂಯ್’ ಎಂಬ ಸದ್ದೂ ಜೋರಾಗಿ ಬಂತು. ಆ ಗುಂಯ್‌ನಲ್ಲಿ ಮಾತು ಮುಳುಗಿಹೋಯಿತು.

“ನಿನ್ ಇಂದೆ ಯಾರ್ಲೇ ತರಿ ಓಡುಸ್ತಾವ್ರೆ?” ಅಮ್ಮ ತಂಗಿಯನ್ನು ಗದರಿದಳು. ಮಗ್ಗಕ್ಕೆ ನಮ್ಮ ಮನೆಗಳಲ್ಲಿ ತರಿ ಎಂದೇ ಹೆಸರು.

“ಮಲೆ ಮ್ಯಾಲೆ ಯಾವ್ ತರಿ ಅಕ್ಕಾ? ಆಡು ಅವೆ, ನಾನಿವ್ನಿ, ಅಷ್ಟೇ.”

ಅಮ್ಮನಿಗೆ ಅದು ಕೇಳಿಸಲಿಲ್ಲ. “ತರಿ ಆಕಿದ್ರೆ ಆಕಿವ್ನಿ ಅನ್ನು. ನಾನೇನ್ ಪಂಗು, ಪಾಲು ಕೇಳಾಕಿಲ್ಲ.”

ನಾನು ಅಮ್ಮನ ಮುಂದೆ ನಿಂತು ಚಿಕ್ಕಮ್ಮನ ಮಾತನ್ನು ಕೂಗಿ ಹೇಳಿದೆ. ಅವಳಿಗೆ ಹಿಡಿಸಲಿಲ್ಲ. “ನೀನು ಯೋಳುದ್ರೆ ಅದು ನಿನ್ ಮಾತು. ನಂಗೆ ಅವುಳ್ದು ಬೇಕು.”

ನಮ್ಮೂರಲ್ಲಿ ಎಲ್ಲಿ ಗುಂಯ್ ಅಂದರೂ ಅದು ತರಿಯ ತಲೆಗೇ ಬರುತ್ತದೆ. ಅಮ್ಮ ಮಲೆಯ ಮೇಲೆ ತರಿ ಹುಡುಕಿದರೆ ನಾನು ಪಕ್ಕದ ಮನೆಯಲ್ಲಿ ಹುಡುಕಿದೆ. ಗೋಡೆಯಾಚೆ ತರಿಯ ಮೋಟಾರುಗಳು, ನಮ್ಮಲ್ಲಿ ಗುಂಯ್, ಇನ್ನೇನು ಬೇಕು? ಮೊದಲು ನನ್ನ ಕಡೆಯದನ್ನು ನೋಡಿದೆ. ಸ್ಪೀಕರ್ ವಯರನ್ನು ಕರೆಂಟು ವಯರಿನಿಂದ ದೂರ ಸರಿಸಿದೆ, ತುಕ್ಕು ಕೆರೆದೆ, ಫೋನಿನಿಂದ ಆಂಪ್ಲಿಫೈಯರಿಗೆ ಹೋಗುವ ಪಿನ್ ವಯರು ಹೊಸದು ಹಾಕಿದೆ. ಬೆಳಿಗ್ಗೆ ನೋಡಿದರೆ ನಿಶ್ಶಬ್ದ. ಸಂಜೆ ಮತ್ತೆ ಅದೇ ಗುಂಯ್. ಕೊನೆಗೆ ಪಕ್ಕದಾತನನ್ನು ಕೇಳಿಕೊಂಡೆ: ಕರೆ ಬರುವ ಹೊತ್ತು ಸ್ವಲ್ಪ ನಿಲ್ಲಿಸಿ ನೋಡೋಣವಾ?

“ನಿಮ್ಮವ್ವುನ್ ಕಿವಿ ತಿಂದಿದ್ದು ಸಾಲ್ದು ಅಂತ ಸ್ಪೀಕರ್ನೂ ತಿಂತಾ ಐತಾ ನನ್ ತರಿ? ಸರಿ, ನಿಲ್ಲುಸ್ತೀನಿ ಓಗು. ನೂಲು ಕೊಟ್ಟ ಮೊದಲಾಳಿ ಬಂದು ಕೇಳುದ್ರೆ ನೀನೇ ನೇಯ್ಬೇಕು.”

ನಿಲ್ಲಿಸಿದ. ಬೀದಿ ಒಮ್ಮೆಲೇ ಖಾಲಿಯಾದಂತಾಯಿತು. ಪೆಟ್ಟಿಗೆಯೊಳಗಿನ ಗುಂಯ್ ಮಾತ್ರ ಹಾಗೇ ಇತ್ತು, ಇನ್ನೂ ದೊಡ್ಡದಾಗಿ.

ಆತ ಬಾಗಿಲಲ್ಲಿ ನಿಂತು ನಕ್ಕ. “ನೋಡ್ಲಾ, ನನ್ ತರಿ ಮಲಗೈತೆ. ಇದು ಯಾರಪ್ಪುನ್ ತರಿ?” ಒಳಗೆ ಬಂದು, “ಅಕ್ಕಾ, ನನ್ ಫೋನು ಆಫಾಗೋಯ್ತು, ಒಸಿ ಚಾರ್ಜ್ ಆಕ್ಕತೀನಿ” ಅಂದ.

ಇಲ್ಲಿ ನೆನಪು ಮೂರಾಗುತ್ತದೆ. ಆತನ ಲೆಕ್ಕದಲ್ಲಿ, ಅಮ್ಮನ ಫೋನಿಗಿದ್ದ ಚಾರ್ಜರನ್ನು ಆತನೇ ಕಿತ್ತುಕೊಂಡ. ಅಮ್ಮನ ಲೆಕ್ಕದಲ್ಲಿ, ಅವಳೇ ಕಿತ್ತು ಆತನಿಗೆ ಕೊಟ್ಟಳು. ನನ್ನ ಲೆಕ್ಕದಲ್ಲಿ, ಪರೀಕ್ಷೆಗೆಂದು ನಾನೇ ಕಿತ್ತೆ. ನನ್ನದೇ ಎಲ್ಲಕ್ಕಿಂತ ದುರ್ಬಲ, ಅದರಲ್ಲಿ ನಾನು ಜಾಣನಾಗಿ ಕಾಣುತ್ತೇನಲ್ಲ. ಯಾರೇ ಕೀಳಲಿ, ಗುಂಯ್ ನಿಂತಿತು. ಚಾರ್ಜರಿನಿಂದ ಹತ್ತಿದ ಕರೆಂಟಿನ ಸದ್ದು ಪಿನ್ ವಯರಿನ ಮೂಲಕ ಸ್ಪೀಕರಿಗೆ ಬರುತ್ತಿತ್ತು. ತಂಗಿಯ ಮಾತು ನಡುವೆ ನಿಂತುಹೋಗದಿರಲಿ ಎಂದು ಅಮ್ಮ ಸಂಜೆಯಾದರೆ ಫೋನನ್ನು ಚಾರ್ಜಿಗೆ ಹಾಕಿಯೇ ಇಡುತ್ತಿದ್ದಳು. ಬೆಳಿಗ್ಗೆ ನಾನು ನೋಡುವಾಗ ಅದು ಇರುತ್ತಿರಲಿಲ್ಲ. ಬೆಳಿಗ್ಗೆ ನಿಜಕ್ಕೂ ನೋಡಿದ್ದೆನೇ? ಕಾರಣ ಇಷ್ಟು ಸಲೀಸಾಗಿ ಕೂತಾಗ, ಆಮೇಲೆ ತಂದು ಕೂರಿಸಿದೆನೇನೋ ಅನ್ನಿಸುತ್ತದೆ.

ಆಗ ಪೆಟ್ಟಿಗೆ ‘ಟಿಟಿಕ್ ಟಿಟಿಕ್’ ಅಂದಿತು. ಫೋನಿಗೆ ಕರೆ ಬರುವ ಮೊದಲು ಸ್ಪೀಕರಿಗೆ ಹತ್ತುವ ತೊಂದರೆ ಅದು. ಅದನ್ನೂ ತೆಗೆಯುತ್ತೇನೆ ಎಂದು ಹೊರಟರೆ ಅಮ್ಮ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ತಡೆದಳು. “ಅದುನ್ನ ಬುಟ್ಬುಡು. ಅದು ನಿನ್ ಚಿಕ್ಕವ್ವ ಬಂಡೆ ಅತ್ತೋ ಸದ್ದು.”

ಪೆಟ್ಟಿಗೆಯಿಂದ ಚಿಕ್ಕಮ್ಮನ ದನಿ ಬಂತು: “ಅಕ್ಕಾ, ಕೇಳುಸ್ತೈತಾ?”

“ಕೇಳುಸ್ತೈತೆ. ಕಿರುಚ್ಬ್ಯಾಡ.”

ಅಮ್ಮ ನನ್ನ ಮುಖ ನೋಡದೆ ಉತ್ತರ ಕೊಟ್ಟಳು. ಅವರೆ ಚಪ್ಪರಕ್ಕೆ ನುಗ್ಗಿದ ಆಡಿನ ಕಥೆ ಶುರುವಾಯಿತು. ಪಕ್ಕದಾತ ತನ್ನ ತರಿಯಿಂದ ತೊಂದರೆಯಿಲ್ಲ ಎಂದು ಗೊತ್ತಾದ ಮೇಲೂ ಎದ್ದು ಹೋಗಲಿಲ್ಲ. ಕಥೆ ಮುಗಿಯುವವರೆಗೂ ಕೂತು, ಅಮ್ಮನ ಜೊತೆ ನಕ್ಕು, ಆಮೇಲೆ ಹೋಗಿ ತರಿಯ ಸ್ವಿಚ್ ಹಾಕಿದ.

ಈಗಲೂ ಪಾಲಮಲೆಯಿಂದ ಕರೆ ಬರುವ ಹೊತ್ತಿಗೆ ಗೋಡೆಯಾಚೆ ಸದ್ದು ನಿಲ್ಲುತ್ತದೆ. ಬೇಕಿಲ್ಲ ಎಂದು ನಾನು ಹೇಳಿದ್ದೇನೆ. “ನಿಮ್ಗಲ್ಲ, ನಂಗೆ ಟೀ ಟೈಮು” ಅನ್ನುತ್ತಾನೆ. ಆತನ ಕೈಯಲ್ಲಿ ಟೀ ಲೋಟವನ್ನು ನಾನು ಕಂಡದ್ದಿಲ್ಲ. ಆತ ತಪ್ಪದೆ ನಿಲ್ಲಿಸುತ್ತಿರುವುದರಿಂದ ತರಿ ಓಡುವಾಗ ಕರೆ ಹೇಗೆ ಕೇಳಿಸುತ್ತದೆ ಎಂದು ನೋಡುವ ಅವಕಾಶವೂ ನನಗೆ ಸಿಕ್ಕಿಲ್ಲ. ಅಮ್ಮನಿಗೆ ತಂಗಿಯ ಮಾತು ಕೇಳಿಸುತ್ತಿರುವುದು ಚಾರ್ಜರ್ ಕಿತ್ತದ್ದರಿಂದಲೋ, ಆತ ತರಿ ನಿಲ್ಲಿಸುವುದರಿಂದಲೋ, ನನಗೆ ಗೊತ್ತಿಲ್ಲ.