ಎಂಟು ಹೆತ್ತವರ ಪಾಂಡಿತ್ಯ

ಕುಲಶೇಖರದ ಅಪೊಲೋನಿಯಾ ಬಾಯಿ ಇನ್ನೊಬ್ಬರಿಂದ ಏನನ್ನೂ ಕಲಿಯದ ಹೆಂಗಸು. ಎಂಟು ಹೆತ್ತಿದ್ದೇನೆ ಎಂಬುದೇ ಅವರ ಪದವಿ, ಅದೇ ಎಲ್ಲ ವಾದಕ್ಕೂ ಕೊನೆಯ ಮಾತು. ಕೇರಿಯಲ್ಲಿ ಯಾರು ಬಸುರಾದರೂ ತಿಂಗಳು ಹೇಳುವವರು ಅವರು. ಕಾವಿಗೆ ಕೂತ ಹೇಂಟೆಯೂ ಅವರನ್ನು ಕೇಳಿಯೇ ಮಗ್ಗುಲು ಬದಲಿಸಬೇಕು. ಹೀಗಿರುವಾಗ ಚೊಚ್ಚಲ ಬಸುರಿ ಸೊಸೆ ರೊಸಾಲಿನ್, ನಿವೃತ್ತ ನರ್ಸ್ ಮಟಿಲ್ಡಾ ಶನಿವಾರ ಬಸುರಿಯರಿಗೆ ನಡೆಸುವ ತರಗತಿಗೆ ಹೋಗುತ್ತೇನೆ ಎಂದಳು. "ಹೆರುವುದಕ್ಕೆ ಫೀಸು ಕೊಟ್ಟು ಕ್ಲಾಸು ಎಂತಕ್ಕೆ? ಪಾಸಾಗದಿದ್ದರೆ ಮಗು ಒಳಗೇ ಕೂತುಕೊಳ್ತದಾ?" ಎಂದರು ಬಾಯಿ. "ಉಸಿರಾಡುವುದು ಹೇಗೆಂತ ಹೇಳಿಕೊಡ್ತಾರಂತೆ, ಮಾಂಯ್." "ಇಷ್ಟು ವರ್ಷ ನೀನು ಎಂತ ಮಾಡಿದ್ದು, ಮಾರಾಯ್ತಿ?" ಹಂಚಿನ ಕಾರ್ಖಾನೆಯಿಂದ ಬಂದ ಮಗ ಜೊಕಿಮ್ ಪೇಪರಿನ ಹಿಂದೆ ಅಡಗಿದ. ಬಾಯಿ ಇದನ್ನೇ ವಾರವಿಡೀ ಮೀನು ತೊಳೆಯುತ್ತಾ ಹೇಳಿದರು, ಜಪಮಾಲೆಯ ನಡುವೆಯೂ ಹೇಳಿದರು. ಎಂಟು ಹೆತ್ತವರ ಮನೆಯಲ್ಲಿ ಬೆಳೆದದ್ದು ಮಾತ್ರ ಆರು ಮಕ್ಕಳು. ಸತ್ತವರ ಹಬ್ಬದ ದಿನ ಅವರು ಕುಟುಂಬದ ಸಮಾಧಿಗೆ ಮೇಣದಬತ್ತಿ ಹಚ್ಚಿದ ಮೇಲೆ, ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಶಿಶುಗಳನ್ನು ಹೂಳುವ ಗೋಡೆಬದಿಗೆ ಒಬ್ಬರೇ ಹೋಗಿ ಇನ್ನೆರಡು ಹಚ್ಚುತ್ತಿದ್ದರು. ಶನಿವಾರ ರೊಸಾಲಿನ್ ತರಗತಿಯ ಆಸೆ ಬಿಟ್ಟು ಅಕ್ಕಿ ಆರಿಸುತ್ತಿದ್ದಳು. ಭಾನುವಾರ ಇಗರ್ಜಿಯ ಪೂಜೆಗೆ ಉಡುವ ಸೀರೆ ಉಟ್ಟು ಬಂದ ಬಾಯಿ ಅವಳ ಕೈಯಿಂದ ಗೆರಸೆ ತೆಗೆದಿಟ್ಟು, "ಏಳು, ಹೊತ್ತಾಯ್ತು" ಎಂದರು. ತರಗತಿಯಲ್ಲಿ ಬಸುರಿಯರ ನಡುವೆ ಮುಂದಿನ ಬೆಂಚಿನಲ್ಲೇ ಕೂತರು. ಪಾಠ ಶುರುವಾಗುವ ಮೊದಲೇ ಶಾಲೆಯ ಹುಡುಗಿಯಂತೆ ಕೈಯೆತ್ತಿ ಕೇಳಿದರು: "ಹುಟ್ಟಿದ ಮಗು ಅಳದಿದ್ದರೆ ಎಂತ ಮಾಡಬೇಕು? ಅದನ್ನು ಮೊದಲು ಹೇಳಿ."