ಮುಳುಗಿದ ಮೋರಿಯ ಮೇಲೆ

ನಮ್ಮ ಮನೆಯೆದುರಿನ ರಸ್ತೆಗೆ ಒಂದು ಹಂಪ್ ಹಾಕಿದ್ದಾರೆ. ಕೊಪ್ಪದಂಥ ಊರಿನಲ್ಲಿ ತಡೆಯಬೇಕಾದಷ್ಟು ವೇಗ ಯಾರಿಗಿದೆ ಎಂದು ನಾನು ಕೇಳುವಂತಿಲ್ಲ, ಏಕೆಂದರೆ ಆ ಹಂಪ್ ಬಂದದ್ದೇ ನನ್ನ ದೆಸೆಯಿಂದ ಎಂಬ ಗುಮಾನಿ ಬೀದಿಯಲ್ಲೆಲ್ಲ ಇದೆ. ಸಂಜೆ ಜಗಲಿಯಲ್ಲಿ ಕೂತು ಕೇಳಿದರೆ ಒಂದೊಂದು ವಾಹನವೂ ಅದನ್ನು ತನ್ನದೇ ಸ್ವರದಲ್ಲಿ ದಾಟುತ್ತದೆ. ಹರಿಹರಪುರದ ಬಸ್ಸು ನರಳುತ್ತದೆ, ಹಾಲಿನ ವ್ಯಾನು ಕ್ಯಾನುಗಳನ್ನೆಲ್ಲ ಒಮ್ಮೆ ಎಬ್ಬಿಸಿ ಕೂರಿಸುತ್ತದೆ, ಪಕ್ಕದ ಮನೆಯ ಮೇಷ್ಟರ ಸ್ಕೂಟರು ಕೆಮ್ಮಿ ಮುಂದೆ ಹೋಗುತ್ತದೆ. ನನ್ನ ಕಾರು ಮಾತ್ರ ಒಂದೇ ಒಂದು ಒಣ ಪೆಟ್ಟು ಕೊಡುತ್ತದೆ. ಆ ಪೆಟ್ಟು ನಡುವೆ ಎಲ್ಲೂ ತಂಗದೆ ನೇರವಾಗಿ ನನ್ನ ಬೆನ್ನುಮೂಳೆಗೆ ಬರುತ್ತದೆ. ಇದನ್ನು ಅನುಭವಿಸುವುದೇಕೆ, ಸಸ್ಪೆನ್ಷನ್ನಿನ ಗುಂಡಿ ತಿರುಗಿಸಿ ಮೆತ್ತಗೆ ಮಾಡಿಕೊಳ್ಳಬಾರದೇ ಎಂದು ತಿಳಿದವರು ಕೇಳುತ್ತಾರೆ. ಉತ್ತರಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ, ನರಸಿಂಹರಾಜಪುರದ ಕಡೆಗೆ ಕರೆದೊಯ್ಯಬೇಕಾಗುತ್ತದೆ. ಸೊಂಟನೋವಿರುವ ಓದುಗರು ಹಿಂದಿನ ಸೀಟಿನಲ್ಲಿ ಕೂರದಿರುವುದು ಕ್ಷೇಮ.

ನಾನು ವೃತ್ತಿಯಿಂದ ವಕೀಲ. ಐವತ್ತರ ಆಸುಪಾಸಿನಲ್ಲಿ ಕೆಲವರಿಗೆ ವೇದಾಂತ ಹಿಡಿಯುತ್ತದೆ; ಶೃಂಗೇರಿಯ ನನ್ನ ಭಾವನವರಿಗೆ ಹಿಡಿದದ್ದು ಅದೇ. ನನಗೆ ಹಿಡಿದದ್ದು ಕಾರು. ಹಿಂದೊಮ್ಮೆ ರ್‍ಯಾಲಿಯಲ್ಲಿ ಓಡಿದ್ದ, ಎರಡೇ ಬಾಗಿಲಿನ ಕೆಂಪು ಕಾರೊಂದನ್ನು ಕಾಫಿ ತೋಟದ ಗೆಳೆಯರೊಬ್ಬರಿಂದ ಕೊಂಡೆ. ಇಂಜಿನ್ನಿಗೆ ಯೌವನ ಇನ್ನೂ ಉಳಿದಿತ್ತು, ಸಸ್ಪೆನ್ಷನ್ನಿಗೆ ಮಾತ್ರ ಸಂಪೂರ್ಣ ವೈರಾಗ್ಯ ಬಂದಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿರುವ ಸುಧಾಕರ ಅದನ್ನೊಮ್ಮೆ ಅಲುಗಿಸಿ ನೋಡಿ, ಕಾಯಿಲ್‌ಓವರ್ ಹಾಕಿಬಿಡುವ ಎಂದ. ಶಾಕ್ ಅಬ್ಸಾರ್ಬರಿನ ಮೈಗೇ ಸ್ಪ್ರಿಂಗು ಸುತ್ತಿಕೊಂಡಿರುವ ಸಾಧನ ಅದು. ಮೈಮೇಲಿನ ತಿರುಪಿನ ಬಳೆಯನ್ನು ತಿರುಗಿಸಿದರೆ ಕಾರು ಏರುತ್ತದೆ ಅಥವಾ ಇಳಿಯುತ್ತದೆ, ತಲೆಯ ಮೇಲಿನ ಗುಂಡಿಯನ್ನು ತಿರುಗಿಸಿದರೆ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಮನುಷ್ಯರಿಗೂ ಇಂಥದೊಂದು ಗುಂಡಿ ಇದ್ದಿದ್ದರೆ ನನ್ನಂಥ ವಕೀಲರು ಬೇರೆ ಕಸುಬು ಹುಡುಕಬೇಕಾಗುತ್ತಿತ್ತು.

ನಾಲ್ಕು ಚಕ್ರಗಳಿಗೂ ಅದನ್ನು ಕೂರಿಸಲು ಎರಡು ದಿನ ಹಿಡಿಯಿತು. ಸುಧಾಕರ ಜಾಕಿನ ಕೆಳಗೆ, ನಾನು ಪಕ್ಕದಲ್ಲಿ ಇಂಗ್ಲಿಷ್ ಕೈಪಿಡಿ ಓದುತ್ತ, ಮೂಲೆಯ ಬೆಂಚಿನ ಮೇಲೆ ಅವನ ತಂದೆ ಮಂಜಪ್ಪಗೌಡರು. ಗೌಡರಿಗೆ ಎಪ್ಪತ್ತೈದು ದಾಟಿತ್ತು, ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಸ್ಪ್ಯಾನರು ಕೆಳಗೆ ಬಿದ್ದ ಸದ್ದಿನಿಂದಲೇ ಅದು ಎಷ್ಟು ನಂಬರಿನದ್ದು ಎಂದು ಹೇಳುತ್ತಿದ್ದರು. ಹರೆಯದಲ್ಲಿ ಅವರು ಎತ್ತಿನ ಗಾಡಿ ಹೊಡೆಯುತ್ತಿದ್ದವರು. ಹೊಡೆಯುತ್ತಿದ್ದ ಹಾದಿ, ಹುಟ್ಟಿದ ಊರು ಎರಡೂ ಮುತ್ತಿನಕೊಪ್ಪದ ಆಚೆ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದವು.

ಆ ಎರಡು ದಿನಗಳಲ್ಲಿ ಅವರು ತಮ್ಮ ಕತೆಯನ್ನು ಬಿಡಿಬಿಡಿಯಾಗಿ ಹೇಳಿದರು. ಊರು ಖಾಲಿ ಮಾಡುವ ಹೊತ್ತಿಗೆ ಅವರಿಗೂ ಅವರ ಅಣ್ಣನಿಗೂ ಮಾತಿನ ಮೇಲೆ ಮಾತು ಬೆಳೆದಿತ್ತು. ಕೊನೆಯ ದಿನ ಅಣ್ಣ ಮನೆಯ ಸಾಮಾನನ್ನೆಲ್ಲ ಹೇರಿಕೊಂಡು ಹೊರಟಿದ್ದ. ಇವರು ಒಂದು ಹೇರು ಇಳಿಸಿ ಇನ್ನೊಂದಕ್ಕೆಂದು ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದರು. ಹಳ್ಳಕ್ಕೆ ಕಟ್ಟಿದ್ದ ಕಿರುಸೇತುವೆಯಂಥ ಮೋರಿಯ ಮೇಲೆ ಇಬ್ಬರೂ ಎದುರಾದರು. ಮೋರಿ ಒಂದೇ ಗಾಡಿಯ ಅಗಲದ್ದು. ಹೇರಿದ ಗಾಡಿಗೆ ಖಾಲಿ ಗಾಡಿಯವನು ದಾರಿ ಬಿಡಬೇಕೆಂಬುದು ಗಾಡಿಯವರಲ್ಲಿ ಯಾರೂ ಮೀರದ ಕಟ್ಟಳೆ. ಇವರು ಬಿಡಲಿಲ್ಲ. ಅಣ್ಣ ಕೆಳಗಿಳಿದು, ಹೇರು ತುಂಬಿದ ಗಾಡಿಯನ್ನು ಎತ್ತುಗಳ ಮೂಗುದಾರ ಹಿಡಿದು ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ತಳ್ಳಿಸಿದ. ಇವರು ಗಾಡಿಯ ಮೇಲೆ ಕೂತೇ ನೋಡುತ್ತಿದ್ದರು. ಆಮೇಲೆ ಸುಮಾರು ನಲವತ್ತು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅಣ್ಣ ತೀರಿಕೊಂಡು ಅದಾಗಲೇ ಒಂದು ವರ್ಷವಾಗಿತ್ತು.

ಗೌಡರಿಗೆ ಉಳಿದಿದ್ದ ಆಸೆ ಒಂದೇ: ನೀರು ಇಳಿದಾಗ ಆ ಮೋರಿಯ ಹತ್ತಿರ ಒಮ್ಮೆ ಹೋಗಬೇಕು. ಸುಧಾಕರ ಎರಡು ಬೇಸಿಗೆಯಲ್ಲಿ ಜೀಪಿನಲ್ಲಿ ಕರೆದೊಯ್ದಿದ್ದ. ಎಲ್ಲ ಕಡೆ ಹೂಳು ತುಂಬಿ ಗುರುತು ಅಳಿಸಿಹೋಗಿತ್ತು. ಕಣ್ಣಿದ್ದವರಿಗೆ ಕಾಣಲಿಲ್ಲ, ಇವರಿಗೆ ಜೀಪಿನ ತೂಗಾಟದಲ್ಲಿ ಏನೂ ತಿಳಿಯಲಿಲ್ಲ.

ಇಲ್ಲಿ ನನ್ನ ಪಾಂಡಿತ್ಯ ಪ್ರವೇಶಿಸುತ್ತದೆ. ಗುಂಡಿಯನ್ನು ಪೂರ್ತಿ ಬಿಗಿ ಮಾಡಿ ಅಲ್ಲಿಂದ ಇಪ್ಪತ್ತು ಸಲ ಟಿಕ್ಕೆನ್ನುವವರೆಗೆ ಸಡಿಲಿಸಬೇಕೆಂದು ಕೈಪಿಡಿಯಲ್ಲಿತ್ತು. ಕಾನೂನಿನ ಇಪ್ಪತ್ತೈದು ವರ್ಷದ ಅನುಭವದಿಂದ ನಾನದನ್ನು ತಲೆಕೆಳಗಾಗಿ ಅರ್ಥೈಸಿ, ಒಟ್ಟು ಇಪ್ಪತ್ತನಾಲ್ಕೇ ಟಿಕ್ಕಿರುವ ಗುಂಡಿಯನ್ನು ಪೂರ್ತಿ ಸಡಿಲದಿಂದ ಇಪ್ಪತ್ತು ಟಿಕ್ಕು ಬಿಗಿ ಮಾಡಿಸಿದೆ. ಸುಧಾಕರ ಎರಡೂ ಕೈಯೂರಿ ಮೈಭಾರ ಹಾಕಿ ಬಾನೆಟ್ಟನ್ನು ಒತ್ತಿದ; ಕಾರು ಬಂಡೆಯಂತೆ ನಿಂತಿತ್ತು. ಅವನಿಗೆ ಅಲ್ಲೇ ಅನುಮಾನ ಬಂದದ್ದು. ಆದರೂ ಒಂದು ಸುತ್ತು ನೋಡುವ ಎಂದು ಗೌಡರನ್ನೂ ಕೂರಿಸಿಕೊಂಡು ಕಮ್ಮರಡಿಯವರೆಗೆ ಹೋದೆವು. ರಸ್ತೆಯ ಒಂದೊಂದು ಜಲ್ಲಿಯೂ ನನ್ನ ಹಲ್ಲಿಗೆ ತನ್ನ ಪರಿಚಯ ಹೇಳಿಕೊಂಡಿತು. ಒಳ್ಳೆಯ ಕಾರೊಂದನ್ನು ಎತ್ತಿನ ಗಾಡಿ ಮಾಡಿದ ಕೀರ್ತಿ ನಿಮ್ಮದು ಸಾರ್ ಎಂದು ಸುಧಾಕರ ಗೊಣಗಿದ, ವಾಪಸು ಹೋದ ತಕ್ಷಣ ಸರಿಮಾಡುತ್ತೇನೆಂದ. ಗೌಡರು ಮಾತ್ರ ಎರಡೂ ಅಂಗೈಯನ್ನು ಸೀಟಿಗೆ ಒತ್ತಿ ಹಿಡಿದು ಕೂತಿದ್ದರು, ಮುಖದಲ್ಲಿ ನಾನು ಅದುವರೆಗೆ ಕಾಣದ ಗೆಲುವು.

"ಬಿಡಾ, ಮುಟ್ಬೇಡ ಇದನ್ನ," ಎಂದರು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, "ವಕೀಲ್ರೇ, ಇದ್ರಲ್ಲಾದ್ರೆ ನಂಗೆ ಹಾದಿ ಗೊತ್ತಾಗ್ತದೆ."

ಅದು ಮಳೆ ಕೈಕೊಟ್ಟ ವರ್ಷ, ಹಿನ್ನೀರು ಎಂದೂ ಇಲ್ಲದಷ್ಟು ಕೆಳಗೆ ಹೋಗಿತ್ತು. ಸುಧಾಕರ ತಿರುಪಿನ ಬಳೆಗಳನ್ನು ತಿರುಗಿಸಿ ಕಾರನ್ನು ಮೂರು ಬೆರಳು ಎತ್ತರಿಸಿದ, ಬಿಗಿಯನ್ನು ಹಾಗೇ ಬಿಟ್ಟ. ಏಪ್ರಿಲ್ಲಿನ ಒಂದು ಭಾನುವಾರ ನಡುಮಧ್ಯಾಹ್ನ ನಾವು ಮೂವರೂ ಹಿನ್ನೀರಿನ ಒಣ ಅಂಗಳಕ್ಕೆ ಇಳಿದೆವು. ಭಯಕ್ಕೆ ಕತ್ತಲೆ ಬೇಕೆಂದು ನಂಬಿಕೊಂಡಿದ್ದವನು ನಾನು. ಆ ಬಿಸಿಲಿನಲ್ಲಿ ನೆರಳೆಂಬುದೇ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಕಡಿದ ಮರಗಳ ಕರಿಯ ಬೊಡ್ಡೆಗಳು ಕಣ್ಣು ಹಾಯುವವರೆಗೂ ನಿಂತಿದ್ದವು, ಒಂದರ ಮೇಲೂ ಹಕ್ಕಿ ಕೂತಿರಲಿಲ್ಲ. ಚಕ್ರದಡಿ ಚಿಪ್ಪುಗಳು ಪುಡಿಯಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊಬೈಲಿನಲ್ಲಿದ್ದ ಒಂದೇ ಕಡ್ಡಿ ಸಿಗ್ನಲ್ಲೂ ಹೊರಟುಹೋಯಿತು. ನನ್ನ ತಲೆಯ ಮೇಲೆ ಎರಡಾಳು ನೀರು ಇರಬೇಕಾದ ಜಾಗದಲ್ಲಿ ನಾನು ಎರಡನೇ ಗೇರಿನಲ್ಲಿ ಹೋಗುತ್ತಿದ್ದೇನೆಂಬ ಯೋಚನೆ ಬಂದದ್ದೇ ಉಸಿರು ಬಿಗಿಹಿಡಿದೆ.

ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬಿರಿದ ಹೂಳು ಮಾತ್ರ. ಕಾರು ಸಣ್ಣಗೆ ನಡುಗಿತು. ಗೌಡರು ಎಡಕ್ಕೆ ಹಿಡಿಯಿರೆಂದರು. ಎಡಕ್ಕೆ ಹಿಡಿದೆ, ನಡುಕ ಒಂದೇ ಸಮನಾಯಿತು. ಹೂಳಿನಡಿಯಲ್ಲಿ ಹಳೆಯ ಕಲ್ಲುಹಾಸು ಸಿಕ್ಕಿತ್ತು. ಅಲ್ಲಿಂದ ಮುಂದೆ ಅವರು ಪೆಟ್ಟುಗಳನ್ನು ಓದುತ್ತ ಹೋದರು. ಇದು ಶಾನುಭೋಗರ ಗದ್ದೆಯ ಕಾಲುವೆ ಎಂದರು, ಕಾರು ದಡಕ್ಕೆಂದಿತು. ಇದು ಮಾರಿಗುಡಿಯ ತಿರುವು ಎಂದರು, ಹಾಸು ಬಲಕ್ಕೆ ವಾಲಿತು. ಸ್ವಲ್ಪ ಹೊತ್ತಿನಲ್ಲಿ ಒಂದು ವಿಷಯ ಗಮನಕ್ಕೆ ಬಂದು ನಾನು ಗೇರು ಇಳಿಸಿದೆ: ಅವರು ಪೆಟ್ಟು ಬಿದ್ದ ಮೇಲೆ ಹೇಳುತ್ತಿರಲಿಲ್ಲ, ಹೇಳಿದ ಮೇಲೆ ಪೆಟ್ಟು ಬೀಳುತ್ತಿತ್ತು. ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತಿದ್ದ ಸುಧಾಕರ ನಮ್ಮಿಬ್ಬರ ನಡುವೆ ತಲೆ ತೂರಿಸಿ ಹಾದಿ ನೋಡತೊಡಗಿದ.

ಇಳಿಜಾರಿನ ಕೊನೆಯಲ್ಲಿ ಮೋರಿ ಕಂಡಿತು. ಎರಡು ಕಡೆಯ ಕಟ್ಟೆ ಬಿದ್ದುಹೋಗಿ ಒಂದು ಗಾಡಿಯಗಲದ ಕಲ್ಲಿನ ಬೆನ್ನು ಮಾತ್ರ ಉಳಿದಿತ್ತು. ನಾನು ಹತ್ತಿಸಬೇಕೆನ್ನುವಷ್ಟರಲ್ಲಿ ಗೌಡರು ನನ್ನ ಮೊಣಕೈ ಹಿಡಿದರು. ಬದಿಗೆ ತೆಗೆದು ನಿಲ್ಲಿಸಿ, ಎದುರಿಂದ ಗಾಡಿ ಬರುತ್ತಿದೆ ಎಂದರು. ಎದುರಿಗೆ ಬಿಸಿಲಿತ್ತು, ಬೊಡ್ಡೆಗಳಿದ್ದವು, ಮತ್ತೇನೂ ಇರಲಿಲ್ಲ. ವಾದ ಮಾಡುವುದೇ ಕಸುಬಾದ ನಾನು ಯಾಕೋ ವಾದ ಮಾಡಲಿಲ್ಲ. ಕಾರನ್ನು ಬದಿಗೆ ಸರಿಸಿ ಇಂಜಿನ್ ಆರಿಸಿದೆ.

ಎಷ್ಟು ಹೊತ್ತು ಕಾದೆವೋ ತಿಳಿಯದು. ಮೊದಲು ನನ್ನ ಬದಿಯ ಮುಂದಿನ ಚಕ್ರದ ಮೇಲೆ ಕಾರು ಮೆಲ್ಲಗೆ ಕುಗ್ಗಿ ಎದ್ದಿತು, ಆಮೇಲೆ ಅದೇ ಬದಿಯ ಹಿಂದಿನ ಚಕ್ರದ ಮೇಲೆ. ಭಾರವಾದದ್ದೇನೋ ಬಲು ಸಮೀಪದಲ್ಲಿ, ಅವಸರವಿಲ್ಲದೆ ಹಾದುಹೋದ ಹಾಗೆ. ಗೌಡರ ಮುಖ ಎದುರಿನಿಂದ ಹಿಂದಕ್ಕೆ ಅದರ ಜೊತೆಗೇ ತಿರುಗಿತು.

"ಹೊಡ್ಕಂಡ್ ಹೋಗು ಅಣ್ಣ," ಎಂದರು, "ನಂದು ಖಾಲಿ ಗಾಡಿ."

ಸುಧಾಕರ ನನ್ನನ್ನು ಇಳಿಸಿ, ನನ್ನ ಸೀಟು ಮಡಚಿ ಹೊರಬಂದು, ಬಾನೆಟ್ಟಿನ ಮೇಲೆ ಕೈಯೂರಿ ಪೂರ್ತಿ ಬಲ ಹಾಕಿ ಒತ್ತಿದ. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ಹೂಳಿನಲ್ಲಿ ಚಕ್ರ ಕುಸಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ನೆಲ ಕಾದ ಕಾವಲಿಯಂತೆ ಒಣಗಿತ್ತು. ಅವನೂ ನೋಡಿದ, ನಾನೂ ನೋಡಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಮೋರಿ ದಾಟಿ, ಆಚೆ ಕಾರು ತಿರುಗಿಸಿಕೊಂಡು ಬರುವಾಗ ಕಲ್ಲಿನ ಬೆನ್ನಿನ ಹತ್ತಿರ ನಾನೇ ನಿಲ್ಲಿಸಿದೆ. ಯಾಕೆ ನಿಂತಿರೆಂದು ಗೌಡರು ಕೇಳಿದರು. ಎದುರಿಗೆ ಯಾರಾದರೂ ಬರುತ್ತಿರಬಹುದೇ ಎಂದೆ.

"ಈಗ ಯಾರೂ ಇಲ್ಲ ವಕೀಲ್ರೇ. ಅವ್ನು ದಾಟಿ ಆಯ್ತಲ್ಲ," ಎಂದರು. ಮುತ್ತಿನಕೊಪ್ಪ ಬರುವಷ್ಟರಲ್ಲಿ ಆ ಹಲ್ಲು ಕಳಚುವ ಸೀಟಿನಲ್ಲಿ ಅವರಿಗೆ ಗಾಢ ನಿದ್ದೆ ಹತ್ತಿತ್ತು.

ದಾರಿ ಬಿಡದಿರುವುದನ್ನು ಕಲಿಸಿ ಊಟ ಸಂಪಾದಿಸುವವನು ನಾನು. ಅಣ್ಣತಮ್ಮಂದಿರು ನನ್ನ ಬಳಿ ಬಂದರೆ ಹಿಂದೆ ಸರಿಯಬೇಡಿ ಎನ್ನುವುದೇ ನನ್ನ ಮೊದಲ ಸಲಹೆಯಾಗಿತ್ತು. ಆ ಭಾನುವಾರದಿಂದ ಈಚೆಗೆ ನಿಮ್ಮ ಗಾಡಿಯಲ್ಲಿ ಹೇರು ಎಷ್ಟಿದೆ ಎಂದು ಕೇಳಿಬಿಡುತ್ತೇನೆ. ಕೆಲವರು ಯೋಚಿಸುತ್ತಾರೆ, ಹೆಚ್ಚಿನವರು ಬೇರೆ ವಕೀಲರನ್ನು ಹುಡುಕುತ್ತಾರೆ. ಗುಂಡಿ ಸಡಿಲಿಸಲು ಸುಧಾಕರ ಎಷ್ಟೋ ಸಲ ಸ್ಪ್ಯಾನರು ಹಿಡಿದು ಬಂದ, ನಾನು ಒಪ್ಪಲಿಲ್ಲ.

ಕಳೆದ ತಿಂಗಳು ಮಂಜಪ್ಪಗೌಡರು ತೀರಿಕೊಂಡರು. ದಹನ ಮುಗಿಸಿ, ದಾರಿಯಲ್ಲಿ ಆಫೀಸಿನಿಂದ ಎರಡು ಕಟ್ಟು ಕೇಸಿನ ಕಾಗದ ಹಾಕಿಕೊಂಡು, ಬೈಗಿಗೆ ಮನೆಗೆ ಬಂದೆ. ಹಂಪಿನ ಹತ್ತಿರ ರಸ್ತೆ ಬರಿದಾಗಿತ್ತು. ಯಾಕೋ ಬದಿಗೆ ಸರಿಸಿ ನಿಲ್ಲಿಸಿ ಇಂಜಿನ್ ಆರಿಸಿದೆ. ಜಗಲಿಯಿಂದ ನನ್ನ ಹೆಂಡತಿ ಪೆಟ್ರೋಲ್ ಮುಗಿಯಿತೇ ಎಂದು ಕೇಳುತ್ತಿದ್ದಳು. ನನ್ನ ಬದಿಯ ಮುಂದಿನ ಚಕ್ರದ ಮೇಲೆ ಕಾರು ಒಮ್ಮೆ ಅಲುಗಿತು, ಆಮೇಲೆ ಹಿಂದಿನದರ ಮೇಲೆ. ಈ ಸಲ ತೀರ ಹಗುರಾಗಿ, ಏನೂ ಹೇರದ ಗಾಡಿ ದಾಟಿದ ಹಾಗೆ. ನನ್ನ ಹಿಂದಿನ ಸೀಟಿನಲ್ಲಿ ಅಷ್ಟು ಕಾಗದವಿತ್ತು, ಕಟ್ಟಳೆಯ ಪ್ರಕಾರ ಗೌಡರೇ ನನಗೆ ದಾರಿ ಬಿಡಬೇಕಿತ್ತು. ಇರಲಿ ಎಂದುಕೊಂಡು, ಅವರು ಪೂರ್ತಿ ದಾಟಿ ಹೋಗುವವರೆಗೆ ನಾನೇ ನಿಂತಿದ್ದೆ.