ಎಂಬತ್ತು ಪದರ

ರಾಯದುರ್ಗದಲ್ಲಿ ಬಿ.ಕಾಂ. ಮುಗಿಸಿದ ಸುಮಾಗೆ ಊರಿನ ಜೀನ್ಸ್ ಘಟಕವೊಂದರಲ್ಲಿ ಕಂಪ್ಯೂಟರ್ ಮುಂದಿನ ಕೆಲಸ ಸಿಕ್ಕಿತ್ತು. ಮೂವತ್ತು ವರ್ಷ ಬಟ್ಟೆ ಹೊಲಿದು ಬೆನ್ನು ಬಾಗಿದ್ದ ಅವ್ವನಿಗೆ, ಮಗಳು ಕುರ್ಚಿಯಲ್ಲಿ ಕೂರುತ್ತಾಳೆಂಬುದೇ ನೆಮ್ಮದಿ. ಸೇರುವ ದಿನ ಮಾಲೀಕ ವಾಗೀಶ್ ಬರುವುದು ತಡವಾಯಿತು. ಕಾಯುತ್ತಾ ಸುಮಾ ಕಟಿಂಗ್ ಕೋಣೆಯ ಬಾಗಿಲಲ್ಲಿ ನಿಂತಳು.

ಉದ್ದನೆಯ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿತ್ತು. ಅವ್ವನ ಹಳೆಯ ಪರಿಚಯದ ಕಟಿಂಗ್ ಮಾಸ್ಟರ್ ರಾಮಾಂಜಿನಮ್ಮ ಅದರ ಅಂಚನ್ನು ಬೆರಳಿನಿಂದ ಸವರುತ್ತಾ ಹೋಗಿ ಒಂದೆಡೆ ನಿಂತು, "ಇದೊಂದು ಪದರ ಬ್ಯಾರೆ ಥಾನಿಂದು, ತೆಗೀರಿ" ಎಂದಳು. ಹೊರಗೆಳೆದು ಬೆಳಕಿಗೆ ಹಿಡಿದರೆ, ನಿಜ, ಬೇರೆ ಸುರುಳಿಯಿಂದ ಬಂದ ಅದರ ನೀಲಿ ತುಸು ತೆಳುವಾಗಿತ್ತು. ಬೇರೊಂದು ಪದರ ಹಾಸಿದ ಮೇಲೆ ಅವಳ ಕೈಯಲ್ಲಿದ್ದ ಯಂತ್ರದ ಅಲಗು ಗೆರೆ ಹಿಡಿದು ಹೊರಟಿತು. ಕೈ ಒಮ್ಮೆ ನಡುಗಿದರೆ ಎಂಬತ್ತು ಪ್ಯಾಂಟು ಹಾಳು. ಕೈ ನಡುಗಲಿಲ್ಲ. ಮೇಲಿನ ತುಂಡನ್ನೂ ತಳದ ತುಂಡನ್ನೂ ಜೋಡಿಸಿ ನೋಡಿದಾಗ ಒಂದು ನೂಲಿನ ವ್ಯತ್ಯಾಸವೂ ಇರಲಿಲ್ಲ.

"ಹಂಗ್ಯಾಕ ಬಾಯಿ ತಕ್ಕೊಂಡು ನಿಂತೀಯವ್ವಾ, ನೊಣ ಹೊಕ್ಕೀತು!" ಎಂದು ರಾಮಾಂಜಿನಮ್ಮ ನಕ್ಕಳು.

"ನಂಗ ಇದನ್ನ ಕಲಿಸ್ತೀರೇನ್ರಿ?" ಎಂದಳು ಸುಮಾ.

"ಬಿ.ಕಾಂ. ಓದಿದಾಕಿ ಈ ಧೂಳಾಗ ನಿಂದರ್ತೀಯಾ? ನಿಮ್ಮವ್ವ ನನ್ನ ಜುಟ್ಟು ಹಿಡೀತಾಳ."

ಅಷ್ಟರಲ್ಲಿ ವಾಗೀಶ್ ಬಂದರು. "ಬರ್ರಿ, ನಿಮ್ಮ ಸೀಟು ಆಫೀಸಿನ್ಯಾಗ ಐತಿ."

ಅವ್ವನ ಮುಖ ನೆನಪಾದರೂ ಸುಮಾ ಬಾಗಿಲು ಬಿಟ್ಟು ಕದಲಲಿಲ್ಲ. "ನಂಗ ಕಟಿಂಗ್ ಕೆಲಸ ಕೊಡ್ರಿ ಸಾರ್. ಅವ್ವಗ ನಾನೇ ಹೇಳ್ತೀನಿ."

ರಾಮಾಂಜಿನಮ್ಮ ನಗಲಿಲ್ಲ. ಹುಡುಗಿಯ ಬಣ್ಣ ಹಚ್ಚಿದ ಉದ್ದ ಉಗುರುಗಳನ್ನು ನೋಡಿ ಹೇಳಿದಳು: "ಮದ್ಲು ಇವನ್ನ ಕತ್ತರಿಸಿಕೊಂಡು ಬಾ."